ಎರಡು ಊರುಗಳ ನಡುವಿನ ಮಂತ್ರಿ

ಕ್ರಿ.ಶ. 189ರಲ್ಲಿ ಚೀನಾದ ಲುವೊಯಾಂಗ್ ಅರಮನೆಯಲ್ಲಿ ಶುನ್ ಯು ಎಂಬ ತರುಣನಿಗೆ ಸಿಕ್ಕ ಹುದ್ದೆ ಯಾರೂ ಹೊಟ್ಟೆಕಿಚ್ಚು ಪಡುವಂಥದ್ದಲ್ಲ. ಚಕ್ರವರ್ತಿ ಬಳಸುವ ಕುಂಚ, ಮಸಿ, ಕಾಗದಗಳ ಉಗ್ರಾಣ ನೋಡಿಕೊಳ್ಳುವ ಕೆಲಸ. ನಾನೂರು ವರ್ಷಗಳಷ್ಟು ಹಳೆಯದಾದ ಹಾನ್ ಸಾಮ್ರಾಜ್ಯ ಅದೇ ವರ್ಷ ಕುಸಿಯತೊಡಗಿತು. ಆತ ಆ ಕೆಲಸ ಬಿಟ್ಟು ಹೊರಬಂದ, ಎರಡು ವರ್ಷಗಳಲ್ಲಿ ತ್ಸಾವೊ ತ್ಸಾವೊ ಎಂಬ ದಂಡನಾಯಕನ ಬಳಿ ಸೇರಿದ, ಮುಂದಿನ ಇಪ್ಪತ್ತೊಂದು ವರ್ಷ ಅವನ ಬಲಗೈಯಾಗಿ ದುಡಿದ. ಕೊನೆಗೆ 212ರಲ್ಲಿ ಅವನದೇ ಸೈನ್ಯದ ಹಾದಿಯಲ್ಲಿದ್ದ ಶೋಚುನ್ ಎಂಬ ಊರಿನಲ್ಲಿ ಸತ್ತ. ಕೊರಗಿನಿಂದ ಸತ್ತ ಎಂದು ಒಂದು ಇತಿಹಾಸ ಹೇಳುತ್ತದೆ. ವಿಷ ಕುಡಿದು ಸತ್ತ ಎಂದು ಇನ್ನೊಂದು ಹೇಳುತ್ತದೆ.

ಶುನ್ ಯು ನಿಷ್ಠಾವಂತ ಎಂಬುದರ ಬಗ್ಗೆ ಚೀನಾದ ಇತಿಹಾಸಕಾರರಲ್ಲಿ ಹೆಚ್ಚು ತಕರಾರಿಲ್ಲ. ಯಾರಿಗೆ ನಿಷ್ಠ ಎಂಬುದರ ಬಗ್ಗೆ ಮಾತ್ರ ಸಾವಿರದ ಎಂಟುನೂರು ವರ್ಷಗಳಿಂದ ಜಗಳ ನಿಂತಿಲ್ಲ.

ಆ ಕಾಲದ ಗೊಂದಲವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಅರಮನೆಯ ನಪುಂಸಕ ಅಧಿಕಾರಿಗಳೂ ಸೇನಾಪತಿಗಳೂ ಒಬ್ಬರನ್ನೊಬ್ಬರು ಕೊಂದುಕೊಂಡ ಗದ್ದಲದಲ್ಲಿ ದೋಂಗ್ ಜುವೊ ಎಂಬ ಗಡಿ ಸೇನಾಪತಿ ರಾಜಧಾನಿಗೆ ನುಗ್ಗಿದ. ಇದ್ದ ಚಕ್ರವರ್ತಿಯನ್ನು ಇಳಿಸಿ, ಎಂಟು ವರ್ಷದ ಹುಡುಗನೊಬ್ಬನನ್ನು ಪಟ್ಟಕ್ಕೆ ಕೂರಿಸಿದ. ಶಿಯೆನ್ ಚಕ್ರವರ್ತಿ ಎಂದು ಚರಿತ್ರೆ ಕರೆಯುವುದು ಆ ಹುಡುಗನನ್ನೇ. ಮರುವರ್ಷ ದೋಂಗ್ ಜುವೊ ಲುವೊಯಾಂಗ್‌ಗೆ ಬೆಂಕಿ ಇಟ್ಟು, ಹುಡುಗನನ್ನು ಪಶ್ಚಿಮದ ಚಾಂಗ್‌ಆನ್‌ಗೆ ಎಳೆದೊಯ್ದ. ಪ್ರಾಂತಗಳಲ್ಲಿ ಸೈನ್ಯವಿದ್ದವರೆಲ್ಲ ಪಾಳೇಗಾರರಾದರು. ಬಾಯಲ್ಲಿ ಎಲ್ಲರದೂ ಹಾನ್ ಉದ್ಧಾರದ ಮಾತು.

ಶುನ್ ಯು ಹುಟ್ಟಿದ್ದು 163ರಲ್ಲಿ, ಇಂದಿನ ಹೆನಾನ್ ಪ್ರಾಂತದ ಯಿಂಗ್‌ಚುವಾನ್ ಸೀಮೆಯಲ್ಲಿ. ಓದಿನ ಮನೆತನ. ಅಜ್ಜ ಹೆಸರಾಂತ ವಿದ್ವಾಂಸ, ಆತನ ಎಂಟು ಗಂಡುಮಕ್ಕಳನ್ನು ಜನ ಎಂಟು ಡ್ರ್ಯಾಗನ್‌ಗಳು ಎನ್ನುತ್ತಿದ್ದರು. ಆದರೆ ಶುನ್ ಯುವಿನ ಹೆಂಡತಿ ತಾಂಗ್ ಹೆಂಗ್ ಎಂಬ ಪ್ರಭಾವಿ ನಪುಂಸಕ ಅಧಿಕಾರಿಯ ಮನೆಯವಳು. ವಿದ್ವಾಂಸರ ವರ್ಗ ಮುಟ್ಟಲೂ ಹೇಸುತ್ತಿದ್ದ ಸಂಬಂಧ ಅದು. ತ್ಸಾವೊ ತ್ಸಾವೊ ಕೂಡ ಅಂಥದೇ ಅರಮನೆ ಅಧಿಕಾರಿಯೊಬ್ಬನ ದತ್ತುಮಗನ ಮಗ. ಇವರಿಬ್ಬರ ನಡುವಿನ ಸಲುಗೆಗೆ ಈ ಸಮಾನ ಕಳಂಕವೂ ಒಂದು ಕಾರಣವಿದ್ದೀತು ಎಂಬುದು ನನ್ನ ಊಹೆ, ಯಾವ ಗ್ರಂಥವೂ ಹಾಗೆ ಹೇಳುವುದಿಲ್ಲ.

ರಾಜಧಾನಿ ಬಿಟ್ಟು ಬಂದ ಶುನ್ ಯು ಊರಿನ ಹಿರಿಯರನ್ನು ಕೂರಿಸಿಕೊಂಡು ಹೇಳಿದ್ದು ಒಂದೇ ಮಾತು: ಇದು ನಾಲ್ಕು ದಿಕ್ಕಿನಿಂದಲೂ ಸೈನ್ಯ ನುಗ್ಗುವ ಬಯಲು, ಇಲ್ಲಿರಬೇಡಿ. ಹೊಲ, ಮನೆ, ಹಿರಿಯರ ಸಮಾಧಿ ಬಿಟ್ಟು ಹೋಗಲು ಯಾರಿಗೂ ಮನಸ್ಸಾಗಲಿಲ್ಲ. ಶುನ್ ಯು ತನ್ನ ಬಳಗವನ್ನಷ್ಟೇ ಕಟ್ಟಿಕೊಂಡು ಉತ್ತರದ ಜೀ ಪ್ರಾಂತಕ್ಕೆ ಹೊರಟ. ಆಮೇಲೆ ದೋಂಗ್ ಜುವೊನ ಸೇನಾಪತಿಗಳು ಆ ಸೀಮೆಯನ್ನು ಸೂರೆ ಮಾಡಿದರು, ಊರಲ್ಲಿ ಉಳಿದವರಲ್ಲಿ ಬಹಳ ಮಂದಿ ಸತ್ತರು.

ಜೀ ಪ್ರಾಂತದಲ್ಲಿ ಆಗ ತಾನೇ ಅಧಿಕಾರ ಹಿಡಿದಿದ್ದವನು ಯುವಾನ್ ಶಾವೊ. ದೇಶದಲ್ಲೇ ದೊಡ್ಡ ಮನೆತನ, ದೊಡ್ಡ ಸೈನ್ಯ, ದೊಡ್ಡ ಹೆಸರು. ಶುನ್ ಯುವನ್ನು ಅವನು ಗೌರವದ ಅತಿಥಿಯಾಗಿ ಇರಿಸಿಕೊಂಡ. ಶುನ್ ಯುವಿನ ಅಣ್ಣತಮ್ಮಂದಿರಲ್ಲೊಬ್ಬನೂ ಊರಿನ ಗೆಳೆಯರೂ ಆಗಲೇ ಅಲ್ಲಿ ಕೆಲಸದಲ್ಲಿದ್ದರು. ಅಷ್ಟಿದ್ದೂ ಈ ಮನುಷ್ಯನಿಂದ ದೊಡ್ಡ ಕೆಲಸ ಆಗದು ಎಂದು ತೀರ್ಮಾನಿಸಿ, 191ರಲ್ಲಿ ಅವನನ್ನು ಬಿಟ್ಟು ತ್ಸಾವೊ ತ್ಸಾವೊನ ಕಡೆ ನಡೆದ. ಆಗ ತ್ಸಾವೊ ತ್ಸಾವೊನ ಕೈಯಲ್ಲಿದ್ದದ್ದು ಪೂರ್ವದ ಒಂದು ಸೀಮೆ ಮಾತ್ರ. ಹಾನ್ ವಂಶದ ಸ್ಥಾಪಕ ಲಿಯು ಬಾಂಗ್‌ನಿಗೆ ಜಾಂಗ್ ಲಿಯಾಂಗ್ ಎಂಬ ತಂತ್ರಜ್ಞ ಇದ್ದನಲ್ಲ, ನನಗೂ ಅಂಥವನು ಸಿಕ್ಕ ಎಂದು ಅವನು ಹಿಗ್ಗಿದನಂತೆ. ಹಿಗ್ಗಿನಲ್ಲಿ ಆಡಿದ ಮಾತಾದರೂ ಹೋಲಿಕೆ ಅಪಾಯದ್ದು. ಜಾಂಗ್ ಲಿಯಾಂಗ್ ಮಂತ್ರಿಯಾದರೆ ತಾನು ಯಾರು ಎಂಬುದು ಅದರಲ್ಲೇ ಅಡಗಿದೆ.

ಉಂಡ ಅನ್ನಕ್ಕೆ ಪ್ರಾಣ ತೆರುವ ಜೋಳವಾಳಿಯ ನಿಷ್ಠೆಯನ್ನು ವೀರಗಲ್ಲುಗಳಲ್ಲಿ, ಪಂಪನ ಕರ್ಣನಲ್ಲಿ ಕಂಡು ಬೆಳೆದವರು ನಾವು. ಆ ಅಳತೆಗೋಲು ಹಿಡಿದರೆ ಶುನ್ ಯು ಆರಂಭದಲ್ಲೇ ಎಡವುತ್ತಾನೆ, ಯುವಾನ್ ಶಾವೊನ ಅನ್ನ ಉಂಡು ಎದ್ದು ಬಂದವನು. ಆದರೆ ಆಗಿನ ಚೀನಾದ ಓದಿದವರಿಗೆ ಯಜಮಾನನನ್ನು ಆರಿಸಿಕೊಳ್ಳುವುದೇ ಮೊದಲ ಪರೀಕ್ಷೆ. ಯಾರ ಬಳಿ ನಿಂತರೆ ದೇಶ ನಿಂತೀತು ಎಂದು ಲೆಕ್ಕ ಹಾಕಿ ಹೋಗುವುದು ದ್ರೋಹ ಎನಿಸುತ್ತಿರಲಿಲ್ಲ. ಕೆಟ್ಟ ಲೆಕ್ಕ ಹಾಕುವುದು ದಡ್ಡತನ ಎನಿಸುತ್ತಿತ್ತು.

ಶುನ್ ಯುವಿನ ಲೆಕ್ಕ ಸುಳ್ಳಾಗುವ ಹಂತಕ್ಕೆ ಬಂದದ್ದು 194ರಲ್ಲಿ. ತಂದೆಯ ಕೊಲೆಗೆ ಸೇಡು ತೀರಿಸಲು ತ್ಸಾವೊ ತ್ಸಾವೊ ಪೂರ್ವದ ಶೂ ಪ್ರಾಂತದ ಮೇಲೆ ದಂಡೆತ್ತಿ ಹೋಗಿದ್ದ. ಆ ದಂಡಯಾತ್ರೆಯಲ್ಲಿ ಅವನ ಸೈನ್ಯ ಸಾಮಾನ್ಯ ಜನರನ್ನು ಗುಂಪುಗುಂಪಾಗಿ ಕೊಂದದ್ದು ಚರಿತ್ರೆಯಲ್ಲಿ ದಾಖಲಾಗಿದೆ. ಶುನ್ ಯು ಅದನ್ನು ತಡೆದ ಸುದ್ದಿ ಎಲ್ಲೂ ಇಲ್ಲ. ಅವನನ್ನು ಮೆಚ್ಚುವವರು ಸಾಮಾನ್ಯವಾಗಿ ಈ ಪುಟವನ್ನು ಬೇಗ ತಿರುವುತ್ತಾರೆ. ಇತ್ತ ತ್ಸಾವೊ ತ್ಸಾವೊ ಬಿಟ್ಟುಹೋಗಿದ್ದ ಸ್ವಂತ ಪ್ರಾಂತದಲ್ಲಿ ಅವನ ಗೆಳೆಯ ಜಾಂಗ್ ಮಿಯಾವೊ ತಿರುಗಿಬಿದ್ದ. ಲ್ಯೂ ಬು ಎಂಬ ಶೂರನನ್ನು ಕರೆತಂದು, ತ್ಸಾವೊ ತ್ಸಾವೊನಿಗೆ ನೆರವಾಗಲು ಈತ ಬಂದಿದ್ದಾನೆ, ದವಸ ಕಳಿಸಿ ಎಂದು ಜುವಾನ್‌ಚೆಂಗ್ ಕೋಟೆಯಲ್ಲಿದ್ದ ಶುನ್ ಯುವಿಗೆ ಹೇಳಿಕಳಿಸಿದ. ದವಸದ ಮಾತು ಕೇಳುತ್ತಲೇ ಶುನ್ ಯುವಿಗೆ ವಾಸನೆ ಬಡಿಯಿತು. ಕೋಟೆ ಬಾಗಿಲು ಭದ್ರಪಡಿಸಿ, ಶಿಯಾಹೊವ್ ದುನ್ ಎಂಬ ಸೇನಾಪತಿಯನ್ನು ಕರೆಸಿದ. ಅದೇ ರಾತ್ರಿ ಒಳಸಂಚಿನ ಹತ್ತಾರು ಮಂದಿಯ ತಲೆ ಉರುಳಿತು. ಅಷ್ಟರಲ್ಲಿ ನೆರೆಪ್ರಾಂತದ ಅಧಿಕಾರಿ ಗುವೊ ಗೊಂಗ್ ಹತ್ತಾರು ಸಾವಿರ ಸೈನಿಕರೊಂದಿಗೆ ಗೋಡೆಯ ಬುಡಕ್ಕೇ ಬಂದು, ಶುನ್ ಯುವನ್ನು ನೋಡಬೇಕು ಎಂದ.

ಹೋಗಬೇಡ ಎಂದರು ಎಲ್ಲರೂ. ಶುನ್ ಯು ಹೋದ. ಗುವೊ ಗೊಂಗ್‌ಗೂ ಜಾಂಗ್ ಮಿಯಾವೊಗೂ ಹಳೆಯ ಸ್ನೇಹವಿಲ್ಲ, ಇಷ್ಟು ಬೇಗ ಬಂದಿದ್ದಾನೆಂದರೆ ಏನು ಮಾಡಬೇಕೆಂದು ಅವನಿನ್ನೂ ನಿರ್ಧರಿಸಿಲ್ಲ, ಈಗ ಹೋದರೆ ಕನಿಷ್ಠ ಮಧ್ಯದಲ್ಲಿ ನಿಂತಾನು, ನಾವೇ ಮೊದಲು ಅನುಮಾನಿಸಿದರೆ ಸಿಟ್ಟಿನಿಂದ ಶತ್ರುವಾಗುತ್ತಾನೆ ಎಂಬುದು ಅವನ ವಾದ. ಎದುರಿಗೆ ಬಂದವನ ಮುಖದಲ್ಲಿ ಅಳುಕು ಕಾಣದ್ದರಿಂದ, ಈ ಕೋಟೆ ಸುಲಭದ ತುತ್ತಲ್ಲ ಎಂದುಕೊಂಡು ಗುವೊ ಗೊಂಗ್ ಸೈನ್ಯ ಹಿಂತೆಗೆದ. ಇಡೀ ಪ್ರಾಂತ ಕೈಬಿಟ್ಟರೂ ಮೂರು ಪಟ್ಟಣ ಉಳಿದವು. ತ್ಸಾವೊ ತ್ಸಾವೊನಿಗೆ ಮರಳಿ ಬರಲು ನೆಲ ಉಳಿದದ್ದು ಇದರಿಂದ.

ಅಷ್ಟರಲ್ಲಿ ಶೂ ಪ್ರಾಂತದ ಅಧಿಪತಿ ತೀರಿಕೊಂಡ. ಮೊದಲು ಅದನ್ನು ಕಬಳಿಸಿ ಆಮೇಲೆ ಲ್ಯೂ ಬುವನ್ನು ನೋಡಿಕೊಳ್ಳೋಣ ಎಂದು ತ್ಸಾವೊ ತ್ಸಾವೊ ಕುಣಿದ. ಶುನ್ ಯು ಬೇಡವೆಂದ. ಗೋಧಿ ಬಲಿತಿದೆ, ಮೊದಲು ಕೊಯ್ಲು ಮಾಡಿ, ಕಾಳು ಉಳಿಸಿ, ಬೇರು ಗಟ್ಟಿ ಮಾಡಿಕೊಳ್ಳಿ ಎಂದ. ತ್ಸಾವೊ ತ್ಸಾವೊ ಕೇಳಿದ, ಗೆದ್ದ. ಶುನ್ ಯುವಿನ ಸಲಹೆಗಳೆಲ್ಲ ಬಹುಮಟ್ಟಿಗೆ ಇದೇ ಜಾತಿಯವು. ಚಮತ್ಕಾರ ಕಡಿಮೆ, ದಾಸ್ತಾನಿನ ಲೆಕ್ಕ ಜಾಸ್ತಿ.

ಮುಂದಿನದು 196. ಚಾಂಗ್‌ಆನ್‌ನಿಂದ ತಪ್ಪಿಸಿಕೊಂಡು ಬಂದ ಚಕ್ರವರ್ತಿ ಸುಟ್ಟು ಕರಕಲಾದ ಲುವೊಯಾಂಗ್ ತಲುಪಿದ. ಅವನಿಗೆ ಆಗ ಹದಿನೈದು ವರ್ಷ. ಅರಮನೆಯಿಲ್ಲ, ಊಟಕ್ಕಿಲ್ಲ. ಅಧಿಕಾರಿಗಳೇ ಕಾಡಿಗೆ ಹೋಗಿ ಸೊಪ್ಪುಸದೆ ಕಿತ್ತು ತರುತ್ತಿದ್ದರು, ಕೆಲವರು ಮುರಿದ ಗೋಡೆಗಳ ನಡುವೆ ಹಸಿವಿನಿಂದ ಸತ್ತರು. ಇಂಥ ಚಕ್ರವರ್ತಿಯನ್ನು ಕರೆತನ್ನಿ ಎಂದು ಯುವಾನ್ ಶಾವೊನಿಗೂ ಅವನ ಸಲಹೆಗಾರನೊಬ್ಬ ಹೇಳಿದ್ದ. ಅವನಿಗದು ಬೇಡವೆನಿಸಿತು. ಚಕ್ರವರ್ತಿ ಮನೆಯಲ್ಲಿದ್ದರೆ ಪ್ರತಿಯೊಂದಕ್ಕೂ ಅಪ್ಪಣೆ ಕೇಳಬೇಕು, ಕೇಳದಿದ್ದರೆ ಅಪಚಾರ. ತ್ಸಾವೊ ತ್ಸಾವೊನ ಬಳಗದಲ್ಲೂ ಹಲವರು ಹಿಂದೇಟು ಹಾಕಿದರು. ಆದರೆ ಶುನ್ ಯು ಹಟ ಹಿಡಿದ. ಕರೆತರುವುದು ಧರ್ಮವೂ ಹೌದು, ಲಾಭವೂ ಹೌದು, ತಡಮಾಡಿದರೆ ಬೇರೆಯವರಿಗೂ ಇದೇ ಬುದ್ಧಿ ಹೊಳೆಯುತ್ತದೆ ಎಂದ. ಚಕ್ರವರ್ತಿಯನ್ನು ಹೆಸರು ಒಂದೇ ಆದರೂ ಶೂ ಪ್ರಾಂತದ್ದಲ್ಲದ ಶೂ ನಗರಕ್ಕೆ, ಎಂದರೆ ಇಂದಿನ ಶೂಚಾಂಗ್ ಬಳಿಗೆ, ಕರೆತಂದರು. ಅದೇ ರಾಜಧಾನಿಯಾಯಿತು. ಅದೇ ವರ್ಷ ಸುತ್ತಲಿನ ಪಾಳುಭೂಮಿಯಲ್ಲಿ ಸೈನ್ಯದ ಉಸ್ತುವಾರಿಯ ಬೇಸಾಯ ಶುರುವಾಗಿ, ಮೊದಲ ಫಸಲೇ ಹತ್ತು ಲಕ್ಷ ಹೂ ಧಾನ್ಯ ಕೊಟ್ಟಿತೆಂದು ದಾಖಲೆ ಹೇಳುತ್ತದೆ. ಹೂ ಎಂದರೆ ಅಲ್ಲಿನ ಧಾನ್ಯದ ಅಳತೆ. ಆ ಬೇಸಾಯದ ಯೋಜನೆ ಬೇರೆಯವರದು, ಶುನ್ ಯುವಿಗೆ ಅದರ ಕೀರ್ತಿ ಸಲ್ಲುವುದಿಲ್ಲ. ಆದರೆ ಚಕ್ರವರ್ತಿಯ ಹೆಸರೂ ತುಂಬಿದ ಕಣಜವೂ ಒಂದೇ ಊರಿನಲ್ಲಿ ಕೂಡಿದಾಗ ತ್ಸಾವೊ ತ್ಸಾವೊ ಉಳಿದ ಪಾಳೇಗಾರರಿಗಿಂತ ಬೇರೆಯೇ ಆದ.

ಶುನ್ ಯು ಈಗ ಚಕ್ರವರ್ತಿಯ ಸಚಿವಾಲಯದ ಮುಖ್ಯಸ್ಥ. ಈ ಹುದ್ದೆ ಏನೆಂದು ಸ್ವಲ್ಪ ಬಿಡಿಸಿ ನೋಡಬೇಕು. ಚಕ್ರವರ್ತಿಗೆ ಬರುವ ಮನವಿಗಳು, ಅಲ್ಲಿಂದ ಹೊರಡುವ ಆಜ್ಞೆಗಳು, ನೇಮಕಗಳು ಹಾಯುವ ಜಾಗ ಅದು. ಹುದ್ದೆ ಹಾನ್ ಸಾಮ್ರಾಜ್ಯದ್ದು, ತ್ಸಾವೊ ತ್ಸಾವೊನದಲ್ಲ. ತ್ಸಾವೊ ತ್ಸಾವೊ ವರ್ಷದ ಬಹುಪಾಲು ರಣರಂಗದಲ್ಲಿ, ಶುನ್ ಯು ಶೂ ನಗರದ ಕಚೇರಿಯಲ್ಲಿ. ಸೈನ್ಯದ್ದಿರಲಿ ಆಡಳಿತದ್ದಿರಲಿ, ದೊಡ್ಡ ವಿಷಯವೆಲ್ಲ ಪತ್ರದ ಮೂಲಕ ಅವನ ಬಳಿಗೆ ಬಂದು ತೀರ್ಮಾನವಾಗುತ್ತಿತ್ತು. ಹದಿನಾರು ವರ್ಷ ಹೀಗೆ ನಡೆಯಿತು. ಒಬ್ಬನ ಕೈಕೆಳಗೆ ದುಡಿಯುತ್ತ ಇನ್ನೊಬ್ಬನ ಹೆಸರಿನಲ್ಲಿ ಸಹಿ ಹಾಕುವ ಕೆಲಸ. ಆ ಇಬ್ಬರ ಹಿತ ಒಂದೇ ಆಗಿರುವವರೆಗೆ ಅದರಲ್ಲಿ ಯಾವ ಇಕ್ಕಟ್ಟೂ ಇರಲಿಲ್ಲ.

ಆ ಕಚೇರಿಯಿಂದ ಅವನು ಮಾಡಿದ ದೊಡ್ಡ ಕೆಲಸ ಜನರನ್ನು ಹುಡುಕಿ ಕರೆತಂದದ್ದು. ತನಗಿಂತ ಆರು ವರ್ಷ ದೊಡ್ಡವನಾಗಿದ್ದರೂ ವರಸೆಯಲ್ಲಿ ಮಗನಾಗುತ್ತಿದ್ದ ದಾಯಾದಿ ಶುನ್ ಯೋವ್, ಸಣ್ಣ ವಯಸ್ಸಿಗೇ ತೀರಿಕೊಂಡ ಚತುರ ಗುವೊ ಜಿಯಾ, ಕೈಬರಹಕ್ಕೆ ಇಂದಿಗೂ ಹೆಸರಾಗಿರುವ ಜೋಂಗ್ ಯಾವೊ, ಮುಂದೆ ಅಧಿಕಾರಿಗಳನ್ನು ಒಂಬತ್ತು ದರ್ಜೆಗಳಲ್ಲಿ ಅಳೆಯುವ ಪದ್ಧತಿ ತಂದ ಚೆನ್ ಚುನ್, ಇವರೆಲ್ಲ ಅವನ ಯಿಂಗ್‌ಚುವಾನ್ ಸೀಮೆಯವರೇ. ಸ್ವಂತ ಊರಿನವರ ಬಗ್ಗೆ ಒಲವಿತ್ತು ಎನ್ನಲು ಅಡ್ಡಿಯಿಲ್ಲ. ಹೊರಗಿನವರಲ್ಲಿ ಹುವಾ ಶಿನ್, ವಾಂಗ್ ಲಾಂಗ್, ಶಿ ಲ್ಯೂ, ಜೊತೆಗೆ ಸಿಮಾ ಯಿ. ಎಲ್ಲ ಆಯ್ಕೆಗಳೂ ಫಲಿಸಲಿಲ್ಲ, ಇಬ್ಬರು ಪ್ರಾಂತಾಧಿಪತಿಗಳು ಸೋತು ಹಾಳಾದರು. ಆದರೂ ಮುಂದಿನ ಎಪ್ಪತ್ತು ವರ್ಷದ ಉತ್ತರ ಚೀನಾದ ಆಡಳಿತ ಬಹುಪಾಲು ಈ ಪಟ್ಟಿಯವರದು, ಇವರ ಮಕ್ಕಳದು. ಈ ಪಟ್ಟಿಯನ್ನು ನೆನಪಿಟ್ಟುಕೊಳ್ಳಿ.

ಯುವಾನ್ ಶಾವೊನೊಂದಿಗೆ ಅಂತಿಮ ಹಣಾಹಣಿ ನಡೆದದ್ದು 200ರಲ್ಲಿ, ಹಳದಿ ನದಿಯ ದಕ್ಷಿಣದ ಗುವಾಂದುವಿನಲ್ಲಿ. ಯುವಾನ್ ಶಾವೊನ ಕಡೆ ಸುಮಾರು ಒಂದು ಲಕ್ಷ ಕಾಲಾಳು, ಹತ್ತು ಸಾವಿರ ಕುದುರೆ. ತ್ಸಾವೊ ತ್ಸಾವೊನ ಬಳಿ ಹತ್ತು ಸಾವಿರವೂ ಇರಲಿಲ್ಲ ಎಂದು ಹಾನ್ ನಂತರದ ಮೂರು ರಾಜ್ಯಗಳ ಅಧಿಕೃತ ಇತಿಹಾಸ ಬರೆದ ಚೆನ್ ಶೋ ಹೇಳುತ್ತಾನೆ. ಅಷ್ಟು ಕಡಿಮೆ ಇರಲು ಸಾಧ್ಯವೇ ಇಲ್ಲ ಎಂದು ಅದಕ್ಕೆ ಟಿಪ್ಪಣಿ ಬರೆದ ಪೇಯ್ ಸೊಂಗ್‌ಜಿ ಕಾರಣ ಕೊಟ್ಟು ತಳ್ಳಿಹಾಕುತ್ತಾನೆ. ಗೆದ್ದವರ ಸೈನ್ಯ ಕಾಗದದ ಮೇಲೆ ಕರಗುವುದು ಎಲ್ಲ ದೇಶದಲ್ಲೂ ಇದ್ದದ್ದೇ. ಆದರೂ ಬಲ ಕಡಿಮೆಯಿತ್ತು ಎಂಬುದರಲ್ಲಿ ಸಂಶಯವಿಲ್ಲ.

ಯುದ್ಧಕ್ಕೆ ಮೊದಲು ಶೂ ನಗರದಲ್ಲಿ ಕೊಂಗ್ ರೋಂಗ್ ಎಂಬ ವಿದ್ವಾಂಸ, ಕನ್‌ಫ್ಯೂಷಿಯಸ್‌ನ ವಂಶದವನು, ಯುವಾನ್ ಶಾವೊನ ಬಳಿ ಎಂಥೆಂಥ ಬುದ್ಧಿವಂತರಿದ್ದಾರೆ ಎಂದು ಹೆಸರು ಹಿಡಿದು ಎಣಿಸಿದ. ಶುನ್ ಯು ಒಬ್ಬೊಬ್ಬರ ದೋಷವನ್ನೂ ಬಿಡಿಸಿಟ್ಟ. ತಿಯೆನ್ ಫೆಂಗ್ ನೇರ ಮಾತಿನವನು, ಒಡೆಯನನ್ನೇ ಕೆರಳಿಸುತ್ತಾನೆ. ಶೂ ಯೋ ದುರಾಸೆಯವನು. ಊರಲ್ಲಿ ಉಸ್ತುವಾರಿಗೆ ಉಳಿದವರು ಹಟಮಾರಿಗಳು. ಶೂ ಯೋ ಮನೆಯವರು ಏನಾದರೂ ತಪ್ಪು ಮಾಡಿದರೆ ಅವರು ಬಿಡುವುದಿಲ್ಲ, ಆಗ ಶೂ ಯೋ ಪಕ್ಷ ಬದಲಿಸುತ್ತಾನೆ. ಎಲ್ಲವೂ ಹಾಗೆಯೇ ಆಯಿತು. ಹಾಗೆಯೇ ಆಯಿತು ಎಂಬ ಕಾರಣಕ್ಕೇ ನನಗೆ ಅನುಮಾನ, ಇಷ್ಟು ಚೊಕ್ಕ ಭವಿಷ್ಯವಾಣಿಗೆ ಆಮೇಲೆ ಯಾರೋ ಹೊಳಪು ಕೊಟ್ಟಿರಬೇಕು. ಒಳಗಿನ ಒಂದು ಅಂಶವನ್ನು ಮಾತ್ರ ನಂಬಬಹುದು. ಆ ಮನೆಯಲ್ಲಿ ಅತಿಥಿಯಾಗಿ ಉಂಡು ಬಂದವನಿಗೆ ಅಲ್ಲಿ ಯಾರಿಗೆ ಯಾರನ್ನು ಕಂಡರೆ ಆಗುವುದಿಲ್ಲ ಎಂಬುದು ಗೊತ್ತಿತ್ತು.

ತಿಂಗಳುಗಟ್ಟಲೆ ಎದುರುಬದುರು ಕೂತ ಸೈನ್ಯಗಳಲ್ಲಿ ತ್ಸಾವೊ ತ್ಸಾವೊನ ಕಡೆ ಧಾನ್ಯ ಮುಗಿಯುತ್ತ ಬಂತು. ಶೂ ನಗರಕ್ಕೆ ಹಿಂದೆ ಸರಿಯಲೇ ಎಂದು ಶುನ್ ಯುವಿಗೆ ಪತ್ರ ಬರೆದ. ಶುನ್ ಯುವಿನ ಉತ್ತರ ಅವನ ಬದುಕಿನ ಅತಿ ಬೆಲೆಯುಳ್ಳ ಕಾಗದ. ಹಿಂದೆ ಲಿಯು ಬಾಂಗ್ ಮತ್ತು ಶಿಯಾಂಗ್ ಯು ಹೀಗೇ ಎದುರೆದುರು ನಿಂತಾಗ ಇಬ್ಬರೂ ಮೊದಲು ಹಿಂದೆ ಸರಿಯಲಿಲ್ಲ, ಸರಿದವನು ಸೋತಂತೆ ಎಂದು ಇಬ್ಬರಿಗೂ ಗೊತ್ತಿತ್ತು. ನೀವು ಶತ್ರುವಿನ ಹತ್ತರಲ್ಲೊಂದು ಬಲದಿಂದ ಅರ್ಧ ವರ್ಷ ಅವನ ಗಂಟಲು ಹಿಡಿದು ನಿಲ್ಲಿಸಿದ್ದೀರಿ. ಅವನ ಶಕ್ತಿ ಮುಗಿಯುತ್ತ ಬಂದಿದೆ, ಏನೋ ಒಂದು ತಿರುವು ಆಗಿಯೇ ಆಗುತ್ತದೆ, ಅದಕ್ಕೆ ಕಾಯಿರಿ. ತಾತ್ಪರ್ಯ ಇಷ್ಟು. ತ್ಸಾವೊ ತ್ಸಾವೊ ನಿಂತ. ತಿರುವು ಶೂ ಯೋವಿನ ರೂಪದಲ್ಲಿ ಬಂತು. ಪಕ್ಷ ಬದಲಿಸಿ ಬಂದ ಅವನು ಯುವಾನ್ ಶಾವೊನ ದವಸದ ಬಂಡಿಗಳು ವುಚಾವೊ ಎಂಬಲ್ಲಿವೆ ಎಂಬ ಗುಟ್ಟು ಬಿಟ್ಟುಕೊಟ್ಟ. ರಾತ್ರಿ ದಾಳಿಯಲ್ಲಿ ದಾಸ್ತಾನು ಸುಟ್ಟುಹೋಯಿತು. ಹಸಿದ ದೊಡ್ಡ ಸೈನ್ಯ ಚೆದುರಿತು.

ಮನುಷ್ಯನಾಗಿ ಶುನ್ ಯು ಹೇಗಿದ್ದ? ನೋಡಲು ಲಕ್ಷಣವಾಗಿದ್ದನಂತೆ. ಮೀ ಹೆಂಗ್ ಎಂಬ ಬಾಯಿಬಡುಕ ಪಂಡಿತ, ಆ ಗಂಭೀರ ಮುಖವನ್ನು ಸಾವಿನ ಮನೆಗೆ ಸಾಂತ್ವನ ಹೇಳಲು ಹೋಗುವಾಗ ಎರವಲು ಪಡೆಯಬಹುದು ಎಂದು ಗೇಲಿ ಮಾಡಿದ್ದ. ಸುಗಂಧದ ಹುಚ್ಚು ಇತ್ತು, ಅವನು ಕೂತು ಎದ್ದ ಜಾಗದಲ್ಲಿ ಮೂರು ದಿನ ಪರಿಮಳ ಉಳಿಯುತ್ತಿತ್ತೆಂಬ ಮಾತಿದೆ. ಸಂಬಳ, ಇನಾಮುಗಳನ್ನು ನಂಟರಿಗೆ, ಹಳೆಯ ಗೆಳೆಯರಿಗೆ ಹಂಚಿಬಿಡುತ್ತಿದ್ದರಿಂದ ಮನೆಯಲ್ಲಿ ಗಂಟಿರಲಿಲ್ಲ. ತ್ಸಾವೊ ತ್ಸಾವೊ ತನ್ನ ಮಗಳನ್ನು ಶುನ್ ಯುವಿನ ಹಿರಿಯ ಮಗನಿಗೆ ಕೊಟ್ಟು ಬೀಗನಾದ. 203ರಲ್ಲಿ ಸಾವಿರ ಮನೆಗಳ ಉಂಬಳಿ, 207ರಲ್ಲಿ ಇನ್ನೊಂದು ಸಾವಿರ. ಸಾಮ್ರಾಜ್ಯದ ಅತ್ಯುನ್ನತ ಮೂರು ಮಂತ್ರಿಪದವಿಗಳಲ್ಲಿ ಒಂದನ್ನು ಕೊಡಲು ಹೊರಟಾಗ ಶುನ್ ಯು ಹತ್ತಕ್ಕೂ ಹೆಚ್ಚು ಸಲ ಬೇಡವೆಂದು ಹೇಳಿಕಳಿಸಿದ. ಇದನ್ನು ವಿನಯ ಎನ್ನುವುದು ವಾಡಿಕೆ. ನನಗೆ ಬೇರೆ ಕಾರಣ ಕಾಣುತ್ತದೆ. ಆ ಪದವಿಗಳಲ್ಲಿ ಮರ್ಯಾದೆ ಇತ್ತು, ಕಡತ ಇರಲಿಲ್ಲ. ಶುನ್ ಯುವಿಗೆ ಕಡತಗಳಿದ್ದ ಆ ಒಂದು ಕುರ್ಚಿ ಬಿಡಲು ಮನಸ್ಸಿರಲಿಲ್ಲ.

ಅಷ್ಟರಲ್ಲಿ ರಾಜ್ಯಕ್ಕೆ ಎರಡು ಊರುಗಳಾಗಿದ್ದವು. 204ರಲ್ಲಿ ತ್ಸಾವೊ ತ್ಸಾವೊ ಯುವಾನ್ ಮನೆತನದ ಯೆ ನಗರವನ್ನು ಗೆದ್ದು, ಅದನ್ನೇ ತನ್ನ ನೆಲೆ ಮಾಡಿಕೊಂಡ. ಸೈನ್ಯ, ಖಜಾನೆ, ಸೇನಾಪತಿಗಳ ಕುಟುಂಬಗಳು ಅತ್ತ ಹರಿದವು. ದಕ್ಷಿಣದ ಶೂ ನಗರದಲ್ಲಿ ಚಕ್ರವರ್ತಿ, ಅರಮನೆ, ಸಚಿವಾಲಯ ಮತ್ತು ಶುನ್ ಯು ಉಳಿದರು. ಪ್ರಾಚೀನ ಕಾಲದ ಒಂಬತ್ತು ಪ್ರಾಂತಗಳ ವಿಂಗಡಣೆಯನ್ನು ಮತ್ತೆ ತರೋಣ ಎಂದು ಯಾರೋ ಸೂಚಿಸಿದ್ದೂ ಅದೇ ವರ್ಷ. ಕೇಳಲು ಪುರಾತನ ಸಂಪ್ರದಾಯದ ಮೇಲಿನ ಪ್ರೀತಿ. ಒಳಗೆ ನೋಡಿದರೆ ಯೆ ನಗರವಿರುವ ಜೀ ಪ್ರಾಂತ, ಅಂದರೆ ತ್ಸಾವೊ ತ್ಸಾವೊ ತಾನೇ ಅಧಿಪತಿಯಾಗಿದ್ದ ಪ್ರಾಂತ, ಊದಿಕೊಳ್ಳುತ್ತಿತ್ತು. ಈಗಲೇ ಹೀಗೆ ಮಾಡಿದರೆ ಉಳಿದ ಪ್ರಾಂತದವರೆಲ್ಲ ತಮ್ಮ ನೆಲವೂ ಹೋಗುತ್ತದೆಂದು ಹೆದರುತ್ತಾರೆ ಎಂದು ಶುನ್ ಯು ತಡೆದ. ಪ್ರಸ್ತಾವ ಬಿದ್ದುಹೋಯಿತು. 208ರಲ್ಲಿ ತ್ಸಾವೊ ತ್ಸಾವೊ ಆ ಮೂರು ಮಂತ್ರಿಪದವಿಗಳನ್ನೇ ರದ್ದು ಮಾಡಿ, ತಾನೊಬ್ಬನೇ ಮಹಾಮಂತ್ರಿಯಾದ. ಶುನ್ ಯು 213ರವರೆಗೆ ಬದುಕಿದ್ದರೆ ಒಂಬತ್ತು ಪ್ರಾಂತಗಳ ಯೋಜನೆ ಜಾರಿಗೆ ಬಂದದ್ದನ್ನೂ ನೋಡುತ್ತಿದ್ದ.

212ರಲ್ಲಿ ದೋಂಗ್ ಜಾವೊ ಎಂಬ ಅಧಿಕಾರಿಯೂ ಇನ್ನು ಕೆಲವರೂ ತ್ಸಾವೊ ತ್ಸಾವೊನನ್ನು ಡ್ಯೂಕ್ ಪದವಿಗೆ ಏರಿಸಿ, ಒಂಬತ್ತು ರಾಜಮರ್ಯಾದೆಗಳನ್ನು ಕೊಡಬೇಕೆಂದು ಹೊರಟು, ಗುಟ್ಟಾಗಿ ಶುನ್ ಯುವಿನ ಅಭಿಪ್ರಾಯ ಕೇಳಿದರು. ರಥ, ವಿಶೇಷ ಉಡುಪು, ವಾದ್ಯ, ಕೆಂಪು ಬಾಗಿಲು, ಅಂಗರಕ್ಷಕರು, ಕೊಡಲಿ, ಬಿಲ್ಲುಬಾಣ ಇತ್ಯಾದಿ ಆ ಮರ್ಯಾದೆಗಳು. ಓದಲು ಆಟಿಕೆಗಳ ಪಟ್ಟಿಯಂತಿದೆ. ಆದರೆ ಅವನ್ನು ಹಿಂದೆ ಪಡೆದವನು ವಾಂಗ್ ಮಾಂಗ್, ಕ್ರಿ.ಶ. 5ರಲ್ಲಿ. ಕ್ರಿ.ಶ. 9ರಲ್ಲಿ ಅವನು ಹಾನ್ ಸಿಂಹಾಸನವನ್ನೇ ಕಿತ್ತುಕೊಂಡ. ಓದಿದವರಿಗೆಲ್ಲ ಈ ಪಟ್ಟಿಯ ಮುಂದಿನ ಸಾಲು ಏನೆಂದು ಗೊತ್ತಿತ್ತು.

ಶುನ್ ಯುವಿನ ಉತ್ತರದಲ್ಲಿ ಸಿಟ್ಟಿಲ್ಲ, ಬೆದರಿಕೆಯಿಲ್ಲ. ಮಹಾಮಂತ್ರಿಗಳು ಸೈನ್ಯ ಕಟ್ಟಿದ್ದು ಚಕ್ರವರ್ತಿಯನ್ನು ಕಾಪಾಡಿ ದೇಶವನ್ನು ನೆಲೆಗೊಳಿಸಲು, ವಿನಯ ಬಿಡದವರಿಗೆ ಇದು ತಕ್ಕದ್ದಲ್ಲ ಎಂದಷ್ಟೇ ಹೇಳಿದ. ತ್ಸಾವೊ ತ್ಸಾವೊನನ್ನು ಹೊಗಳುತ್ತಲೇ ಬಾಗಿಲು ಮುಚ್ಚಿದ ಮಾತು. ಪ್ರಸ್ತಾವ ಅಲ್ಲಿಗೆ ನಿಂತಿತು. ತ್ಸಾವೊ ತ್ಸಾವೊನ ಮನಸ್ಸು ಮುರಿಯಿತು.

ಅವನು ಮಾಡಿದ್ದನ್ನು ಗಮನಿಸಿ. ಬಂಧಿಸಲಿಲ್ಲ, ಬೈಯಲಿಲ್ಲ. ದಕ್ಷಿಣದ ಪಾಳೇಗಾರ ಸುನ್ ಚುವಾನ್ ಮೇಲೆ ದಂಡಯಾತ್ರೆ ಹೊರಟಿದ್ದವನು, ಸೈನ್ಯಕ್ಕೆ ಉಪಚಾರ ಹೇಳಲು ಶುನ್ ಯುವನ್ನು ತನ್ನ ಹುಟ್ಟೂರು ಚಿಯಾವೊಗೆ ಕಳಿಸಿಕೊಡಿ ಎಂದು ಚಕ್ರವರ್ತಿಗೆ ಮನವಿ ಬರೆದ. ಬಂದವನನ್ನು ಅಲ್ಲೇ ಇರಿಸಿಕೊಂಡು, ದೊಡ್ಡ ಬಿರುದುಗಳ ಜೊತೆಗೆ ಮಹಾಮಂತ್ರಿಯ ಸೈನ್ಯದ ಸಲಹೆಗಾರ ಎಂಬ ಹುದ್ದೆ ಕೊಡಿಸಿದ. ಕರ್ನಾಟಕದ ಯಾವ ಸರ್ಕಾರಿ ನೌಕರನಿಗೂ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಬಡ್ತಿಯ ವೇಷದಲ್ಲಿ ಬಂದ ವರ್ಗಾವಣೆ. ಹದಿನಾರು ವರ್ಷ ಬಿಡದೆ ಹಿಡಿದಿದ್ದ ಸಚಿವಾಲಯದ ಕುರ್ಚಿ ಹೋಯಿತು, ಚಕ್ರವರ್ತಿಯ ಊರು ಹೋಯಿತು. ಹಾನ್ ಸಾಮ್ರಾಜ್ಯದ ಅಧಿಕಾರಿ ಈಗ ತ್ಸಾವೊ ತ್ಸಾವೊನ ದಂಡಿನೊಳಗಿನ ಒಬ್ಬ.

ಸೈನ್ಯ ರೂಶೂ ಕಡೆ ಮುಂದೆ ಹೋಯಿತು. ಶುನ್ ಯು ಕಾಯಿಲೆಯೆಂದು ಶೋಚುನ್‌ನಲ್ಲಿ ಉಳಿದ, ಅಲ್ಲೇ ಸತ್ತ. ಚೀನೀ ಲೆಕ್ಕದಲ್ಲಿ ಅವನಿಗೆ 50 ವರ್ಷ. ತ್ಸಾವೊ ತ್ಸಾವೊ ಊಟದ ಡಬ್ಬಿ ಕಳಿಸಿದ, ತೆರೆದರೆ ಖಾಲಿ, ಅರ್ಥ ಮಾಡಿಕೊಂಡ ಶುನ್ ಯು ವಿಷ ಕುಡಿದ ಎಂಬ ಕತೆ ಆಮೇಲೆ ಬಂದ ಗ್ರಂಥಗಳದು. ನಾಟಕಕ್ಕೆ, ಧಾರಾವಾಹಿಗೆ ಹೇಳಿಮಾಡಿಸಿದ ಡಬ್ಬಿ. ಚೆನ್ ಶೋ ಬರೆದದ್ದು ಕೊರಗಿನಿಂದ ಸತ್ತ ಎಂದು ಮಾತ್ರ. ನನಗೆ ಡಬ್ಬಿಯ ಅಗತ್ಯವೇ ಕಾಣುವುದಿಲ್ಲ, ಆ ಮನವಿಪತ್ರವೊಂದೇ ಸಾಕಿತ್ತು. ಸಾಯುವ ಮೊದಲು ಶುನ್ ಯು ತನ್ನ ಕಾಗದಪತ್ರಗಳನ್ನು ಸುಟ್ಟನಂತೆ. ಅವನ ಸಲಹೆಗಳಲ್ಲಿ ನಮಗೆ ಉಳಿದಿರುವುದು ಇತರರು ಬರೆದಿಟ್ಟಷ್ಟೇ. ಮರುವರ್ಷ ತ್ಸಾವೊ ತ್ಸಾವೊ ವೇ ರಾಜ್ಯದ ಡ್ಯೂಕ್ ಆದ, ಒಂಬತ್ತು ಮರ್ಯಾದೆಗಳೂ ಬಂದವು.

ಶುನ್ ಯು ಇಪ್ಪತ್ತು ವರ್ಷ ಕುರುಡನಾಗಿದ್ದನೆ? ತಾಂಗ್ ಕಾಲದ ಕವಿ ದು ಮು ಹಾಗೆಂದೇ ಜಾಡಿಸುತ್ತಾನೆ. ಕಳ್ಳನಿಗೆ ಗೋಡೆ ಕೊರೆಯಲು, ಪೆಟ್ಟಿಗೆ ಒಡೆಯಲು ಕಲಿಸಿ, ಮಾಲು ಹಂಚುವಾಗ ಮಾತ್ರ ಬರದಿದ್ದರೆ ಅವನು ಕಳ್ಳನಲ್ಲವೆ ಎಂಬುದು ಅವನ ಪ್ರಶ್ನೆ. ಸಲಹೆ ಕೊಡುವಾಗೆಲ್ಲ ತ್ಸಾವೊ ತ್ಸಾವೊನನ್ನು ಲಿಯು ಬಾಂಗ್‌ನಂಥ ವಂಶಸ್ಥಾಪಕರಿಗೆ ಹೋಲಿಸಿದವನು ಕೊನೆಯಲ್ಲಿ ಹಾನ್ ಭಕ್ತನಾದರೆ ಹೇಗೆ? ಸೊಂಗ್ ಕಾಲದ ಇತಿಹಾಸಕಾರ ಸಿಮಾ ಗುವಾಂಗ್ ಇದಕ್ಕೆ ಕೊಟ್ಟ ಉತ್ತರ ನನಗೆ ಇಷ್ಟ. ಆ ಹೋಲಿಕೆಗಳು ಇತಿಹಾಸ ಬರೆದವರ ಅಲಂಕಾರ, ಎಲ್ಲವೂ ಶುನ್ ಯುವಿನ ಬಾಯಿಂದ ಬಂದವೆಂದು ಏಕೆ ನಂಬಬೇಕು ಎನ್ನುತ್ತಾನೆ. ದೇಶ ಹೊತ್ತಿ ಉರಿಯುವಾಗ ಜನರ ಸಂಕಟ ತಗ್ಗಿಸಬೇಕೆಂದವನು ತ್ಸಾವೊ ತ್ಸಾವೊನನ್ನು ಬಿಟ್ಟು ಯಾರ ಬಳಿ ಹೋಗಬೇಕಿತ್ತು ಎಂದೂ ಕೇಳುತ್ತಾನೆ.

ನನಗನಿಸುವುದು ಇಷ್ಟು. ಶುನ್ ಯು ಕುರುಡನಾಗಿರಲಿಲ್ಲ, ಅವನಿಗೊಂದು ಲೆಕ್ಕವಿತ್ತು. ಆಜ್ಞೆಗಳು ಶೂ ನಗರದ ಕಚೇರಿಯಿಂದಲೇ ಹೊರಡುವವರೆಗೆ, ಆ ಕಚೇರಿಯಲ್ಲಿ ಯೋಗ್ಯರು ತುಂಬಿರುವವರೆಗೆ, ಎಂಥ ಬಲಿಷ್ಠ ದಂಡನಾಯಕನೂ ಹಾನ್ ಸಾಮ್ರಾಜ್ಯದ ಸೇವಕನಾಗಿಯೇ ಇರುತ್ತಾನೆ ಎಂಬ ಲೆಕ್ಕ. ತಪ್ಪಿದ್ದು ಎರಡನೆಯ ಭಾಗ. ತಾನು ಕರೆತಂದ ಯೋಗ್ಯರು ಕಚೇರಿಗೆ ಅಂಟಿಕೊಳ್ಳುತ್ತಾರೆ ಎಂದುಕೊಂಡ. ಅವರು ಯೆ ನಗರಕ್ಕೆ ಅಂಟಿಕೊಂಡರು.

ಆ ಪಟ್ಟಿಯನ್ನು ಈಗ ಮತ್ತೆ ನೋಡಬೇಕು. ಶುನ್ ಯು ಬಿಟ್ಟ ಸಚಿವಾಲಯದ ಕುರ್ಚಿಗೆ ಬಂದವನು ಅವನೇ ಕರೆಸಿದ್ದ ಹುವಾ ಶಿನ್. 214ರಲ್ಲಿ ತ್ಸಾವೊ ತ್ಸಾವೊ ವಿರುದ್ಧ ತಂದೆಗೆ ಪತ್ರ ಬರೆದಿದ್ದಳೆಂದು ಸಾಮ್ರಾಜ್ಞಿ ಫುವನ್ನು ಪದಚ್ಯುತಗೊಳಿಸಿದಾಗ ಆಜ್ಞೆ ಹಿಡಿದು ಬಂದವನು ಶಿ ಲ್ಯೂ, ಅವನೂ ಅದೇ ಪಟ್ಟಿಯವನು. ಸೈನಿಕರೊಂದಿಗೆ ಅರಮನೆಗೆ ನುಗ್ಗಿ, ಅಡಗಿದ್ದ ಸಾಮ್ರಾಜ್ಞಿಯನ್ನು ಗೋಡೆಯ ಸಂದಿನಿಂದ ಎಳೆದು ತಂದವನು ಹುವಾ ಶಿನ್. ಅವಳನ್ನೂ ಅವಳ ಇಬ್ಬರು ಗಂಡುಮಕ್ಕಳನ್ನೂ ಕೊಂದರು. 220ರಲ್ಲಿ ತ್ಸಾವೊ ತ್ಸಾವೊನ ಮಗ ಹಾನ್ ಚಕ್ರವರ್ತಿಯನ್ನು ಇಳಿಸಿ ವೇ ಚಕ್ರವರ್ತಿಯಾಗಿ ಪಟ್ಟವೇರಿದಾಗ ಹುವಾ ಶಿನ್, ವಾಂಗ್ ಲಾಂಗ್, ಚೆನ್ ಚುನ್ ಹೊಸ ಆಸ್ಥಾನದ ಮುಂಚೂಣಿಯಲ್ಲಿದ್ದರು. ಸಿಮಾ ಯಿಯ ಮೊಮ್ಮಗ ತ್ಸಾವೊ ಮನೆತನದಿಂದಲೂ ಸಿಂಹಾಸನ ಕಿತ್ತು 266ರಲ್ಲಿ ಜಿನ್ ವಂಶ ಸ್ಥಾಪಿಸಿದ. ಆ ಬದಲಾವಣೆಯ ಹೊತ್ತಿನಲ್ಲಿ ರಾಜವಿಧಿಗಳನ್ನು ರೂಪಿಸಿಕೊಟ್ಟವನು ಶುನ್ ಯುವಿನ ಸ್ವಂತ ಮಗ ಶುನ್ ಯಿ.

243ರಲ್ಲಿ ವೇ ಆಸ್ಥಾನ ತ್ಸಾವೊ ತ್ಸಾವೊನ ಪೂರ್ವಜ ಮಂದಿರದಲ್ಲಿ ಅವನ ಜೊತೆ ಪೂಜೆ ಪಡೆಯಬೇಕಾದ ಇಪ್ಪತ್ತು ಮಂದಿಯ ಹೆಸರು ಪ್ರಕಟಿಸಿತು. ಜೋಂಗ್ ಯಾವೊ, ಚೆನ್ ಚುನ್, ಹುವಾ ಶಿನ್, ವಾಂಗ್ ಲಾಂಗ್ ನಾಲ್ವರೂ ಅದರಲ್ಲಿದ್ದಾರೆ. ಮರುವರ್ಷ ಶುನ್ ಯೋವ್‌ನನ್ನೂ ಸೇರಿಸಿದರು. ಅವರನ್ನೆಲ್ಲ ಕರೆತಂದವನ ಹೆಸರಿಲ್ಲ. ಪೇಯ್ ಸೊಂಗ್‌ಜಿ ಇದಕ್ಕೆ ಎರಡು ಕಾರಣ ಕೊಡುತ್ತಾನೆ. ಕೊನೆಗಾಲದಲ್ಲಿ ಶುನ್ ಯು ಭಿನ್ನಾಭಿಪ್ರಾಯ ಹೇಳಿದ್ದ ಎಂಬುದು ಒಂದು. ಅವನು ವೇ ರಾಜ್ಯದ ಅಧಿಕಾರಿಯೇ ಆಗಿರಲಿಲ್ಲ ಎಂಬುದು ಇನ್ನೊಂದು. ಎರಡನೆಯದನ್ನು ಕೇಳಿದ್ದರೆ ಶುನ್ ಯು ಬೇಸರಪಡುತ್ತಿದ್ದ ಎಂದು ನನಗೆ ಅನ್ನಿಸುವುದಿಲ್ಲ.